ಸೊಟ್ಟ ಹೋಗುವ ಚೆಂಡಿನ ಆಟ

ಕಳೆದ ತಿಂಗಳು ತಂಗಿಯ ಮಗಳ ಮದುವೆಗೆಂದು ಪುಣೆಗೆ ಹೋಗಿದ್ದೆ. ಕೊಂಢವಾ ಕಡೆ ಒಂದು ಲಾನ್‌ನಲ್ಲಿ ಮದುವೆ. ಈಗ ಅಲ್ಲಿ ಮದುವೆ ಮಾಡುವ ಬಯಲಿಗೆಲ್ಲ ಲಾನ್ ಎಂದೇ ಹೆಸರು, ಹುಲ್ಲಿರುವುದು ಮಾತ್ರ ಅಪರೂಪ. ಇಲ್ಲಿ ನಿಜವಾದ ಹುಲ್ಲೇ ಇತ್ತು. ಮುಂಜಾನೆ ಚಹಾದ ಕಪ್ಪು ಹಿಡಿದು ಹೊರಗೆ ಬಂದರೆ ಮಾಲಿಯೊಬ್ಬ ಯಂತ್ರ ದೂಡುತ್ತ ಹುಲ್ಲು ಕತ್ತರಿಸುತ್ತಿದ್ದ. ರಾತ್ರಿಯ ಮಳೆಗೆ ನೆನೆದ ಹುಲ್ಲು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಚಹಾ ಎಲ್ಲ ರೇಷ್ಮೆ ಸೀರೆಯ ಮೇಲೆ. ತಂಗಿ "ಅಕ್ಕಾ, ಏನಾತು?" ಅನ್ನುತ್ತ ಓಡಿ ಬಂದಳು. ಏನೂ ಆಗಿರಲಿಲ್ಲ. ನಲವತ್ತು ವರ್ಷದ ಹಿಂದಿನ ಒಂದು ಮಳೆಗಾಲ ನೆನಪಾಗಿತ್ತು, ಅಷ್ಟೇ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಆಗ ಪುಣೆಯಲ್ಲೇ, ಖಡಕಿಯ ಒಂದು ಹಳೇ ಚಾಳಿನ ವಠಾರದಲ್ಲಿ ಬಾಡಿಗೆಗಿದ್ದೆವು. ನಾನು, ನಮ್ಮವರು, ಮತ್ತೆ ಬಾಗಲಕೋಟೆಯಿಂದ ಬಂದು ನಮ್ಮೊಡನೆ ಇದ್ದ ನಮ್ಮ ಅತ್ತೆ. ಮಕ್ಕಳಿನ್ನೂ ಇರಲಿಲ್ಲ. ನಮ್ಮವರು ಪಿಂಪ್ರಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದರು. ಆದರೆ ಅವರ ಗುರುತು ಬೇರೆಯೇ. ಅವರು ಕಾರ್ಖಾನೆಯ ಕಬಡ್ಡಿ ತಂಡದ ಕ್ಯಾಪ್ಟನ್. ಖಡಕಿಯ ತರಕಾರಿ ಮಾರುವವರೂ "ಕಾಯ್ ಕ್ಯಾಪ್ಟನ್" ಎಂದೇ ಕರೆಯುತ್ತಿದ್ದರು. ಮೈದಾನದಲ್ಲಿ ಎಷ್ಟು ಗದ್ದಲವೋ ಮನೆಯಲ್ಲೂ ಅಷ್ಟೇ. ಪಲ್ಯಕ್ಕೆ ಉಪ್ಪು ಕಮ್ಮಿ ಎಂದು ಶುರುವಾದ ಜಗಳ ನನ್ನ ತವರಿನವರ ಜಿಪುಣತನದವರೆಗೆ ಹೋಗಿ, ಅಲ್ಲಿಂದ ಅವರ ಕಾಕಾನ ಸೋಮಾರಿತನದವರೆಗೆ ವಾಪಸು ಬರುತ್ತಿತ್ತು. ನಾನೇನು ಬಿಡುವವಳಲ್ಲ. ಅತ್ತೆ ನಡುವೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ ಒಮ್ಮೆ ಮಗನನ್ನೂ ಒಮ್ಮೆ ಸೊಸೆಯನ್ನೂ ನೋಡುತ್ತಿದ್ದರು. ಊಟ ಮುಗಿಯುವಷ್ಟರಲ್ಲಿ ಇಬ್ಬರೂ ನಗುತ್ತಿದ್ದೆವು. ಸಂಸಾರ ಸುಖವಾಗಿತ್ತು.

ಆ ವರ್ಷದ ಮೊದಲ ಮಳೆಗೆ ದಾಪೋಡಿಯ ಸೇತುವೆ ಹತ್ತಿರ ಇವರ ಸ್ಕೂಟರ್ ಜಾರಿತು. ಎಡ ಮೊಣಕಾಲು ನುಚ್ಚಾಯಿತು. ಆಪರೇಷನ್, ಪ್ಲಾಸ್ಟರ್, ಎಲ್ಲ ಆಯಿತು. ಕೊನೆಗೆ ಡಾಕ್ಟರು ಕೂರಿಸಿಕೊಂಡು ಹೇಳಿದರು. ನಡೆಯಬಹುದು, ಕೆಲಸಕ್ಕೆ ಹೋಗಬಹುದು. ಓಡುವಂತಿಲ್ಲ, ಜಿಗಿಯುವಂತಿಲ್ಲ, ಇನ್ನು ಕಬಡ್ಡಿಯ ಮಾತೇ ಇಲ್ಲ. ಇವರು ತಲೆಯಾಡಿಸಿ ಮನೆಗೆ ಬಂದು ಕಿಟಕಿಯ ಪಕ್ಕದ ಮಂಚದ ಮೇಲೆ ಕೂತರು. ಕೂತವರು ಕೂತೇ ಬಿಟ್ಟರು.

ಅತ್ತಿದ್ದರೆ, ಕೂಗಾಡಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಇವರು ಮಾತೇ ಬಿಟ್ಟರು. ತಂಡದ ಹುಡುಗರು ಬಾಳೆಹಣ್ಣು ಹಿಡಿದು ನೋಡಲು ಬಂದು ಪಾಪ ಕ್ಯಾಪ್ಟನ್ ಅನ್ನುವ ಮುಖ ಮಾಡಿದಾಗ ಗೋಡೆಯ ಕಡೆ ತಿರುಗಿ ಮಲಗಿದರು. ಕಾರ್ಖಾನೆಯವರು ಕೆಲಸಕ್ಕೆ ಬಾ ಎಂದರೂ ಇನ್ನೊಂದು ವಾರ, ಇನ್ನೊಂದು ವಾರ ಎಂದು ರಜೆ ಮುಂದೂಡಿದರು. ಒಂದು ದಿನ ಪರೀಕ್ಷೆ ಮಾಡೋಣವೆಂದು ಪಲ್ಯಕ್ಕೆ ಉಪ್ಪೇ ಹಾಕದೆ ಬಡಿಸಿದೆ. ಸುಮ್ಮನೆ ತಿಂದು ಕೈ ತೊಳೆದುಕೊಂಡರು. ಅತ್ತೆ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು, ಆಮೇಲೆ ಮಗನ ಮುಖ ನೋಡಿದರು. ಅಡುಗೆಮನೆಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ಗಿರಿಜವ್ವಾ, ನನ್ನ ಮಗ ಎಲ್ಲಿ ಹೋದ?" ಅಂದರು. ನನಗೆ ನಿಜವಾಗಿ ಭಯವಾದದ್ದು ಅವತ್ತೇ.

ಶ್ರಾವಣದಲ್ಲಿ ಕಾಲು ತೋರಿಸಲು ಹೋದಾಗ ಡಾಕ್ಟರು ಇವರ ಮೊಣಕಾಲಿಗಿಂತ ಮುಖವನ್ನೇ ಹೆಚ್ಚು ಹೊತ್ತು ನೋಡಿದರು. ತೆಳ್ಳಗೆ, ಉದ್ದಕ್ಕೆ, ಹಣೆಯ ಮೇಲೆ ಕನ್ನಡಕ ಏರಿಸಿಕೊಂಡೇ ಇರುತ್ತಿದ್ದ ಮರಾಠಿ ಮನುಷ್ಯ. "ಕ್ಯಾಪ್ಟನ್, ಓಡದೆ ಆಡುವ ಆಟ ಒಂದಿದೆ. ನಾನೂ ಆಡುತ್ತೇನೆ. ಕ್ಯಾಂಪಿನ ನಮ್ಮ ಕ್ಲಬ್ಬಿಗೆ ಭಾನುವಾರ ಬಾ," ಎಂದು ಮರಾಠಿಯಲ್ಲಿ ಹೇಳಿದರು. ಲಾನ್ ಬೌಲ್ಸ್ ಅಂತ ಅದರ ಹೆಸರು. ಪುಣೆಯ ದಂಡುಪ್ರದೇಶವಾದ ಆ ಕ್ಯಾಂಪಿನಲ್ಲಿ ಬ್ರಿಟಿಷರು ಬಿಟ್ಟುಹೋದ ಹುಲ್ಲಿನ ಅಂಕಣ, ಬ್ರಿಟಿಷರು ಬಿಟ್ಟುಹೋದ ಚೆಂಡುಗಳು, ಆಡುವವರು ಬೆರಳೆಣಿಕೆಯಷ್ಟು ಜನ.

ಇವರಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೂ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮುದುಕರ ಆಟ ನಮಗ ಬ್ಯಾಡಂತ ಹೇಳು" ಅಂದರು.

ನಾನು ಡಾಕ್ಟರಿಗೆ, "ವಿಚಾರ ಮಾಡಿ ಹೇಳ್ತಾರಂತೆ" ಎಂದು ಮರಾಠಿಯಲ್ಲಿ ಹೇಳಿದೆ.

ಮನೆಗೆ ಬಂದ ಮೇಲೆ ಎಷ್ಟು ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. ಭಾನುವಾರ ಬಂತು. ನನಗೆ ರೇಗಿಹೋಯಿತು. "ನೀವು ಬರ್ಲಿಲ್ಲಂದ್ರ ನಾನಽ ಹೋಗ್ತೀನಿ ನೋಡ್ರಿ," ಅಂದೆ. ಹೆದರಿಸಲು ಆಡಿದ ಮಾತು. ಇವರು ಕಿಟಕಿಯಿಂದ ಕಣ್ಣು ತೆಗೆಯದೆ "ಹೋಗು" ಅಂದರು. ಬ್ಯಾಡ ಅಂದಿದ್ದರೆ ಜಗಳಕ್ಕಾದರೂ ದಾರಿಯಿತ್ತು. ಈ "ಹೋಗು" ಕೇಳಿ ಮೈಯೆಲ್ಲ ಉರಿಯಿತು. ಹೋಗಿಯೇ ಬಿಟ್ಟೆ.

ಅಲ್ಲಿ ಹೋದರೆ ಮೊದಲ ತಕರಾರು ಚಪ್ಪಲಿಯದು. ಹುಲ್ಲು ಹಾಳಾಗುತ್ತದೆ, ಚಪ್ಪಟೆ ತಳದ ಬೂಟಿಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ ಎಂದರು. ಕ್ಯಾಂಪಿನಲ್ಲೇ ಒಂದು ಅಂಗಡಿಗೆ ಹೋಗಿ ಬಿಳೀ ಕ್ಯಾನ್ವಾಸ್ ಬೂಟು ಕೊಂಡೆ. ಹುಟ್ಟಿದಾಗಿನಿಂದ ಕಾಲಿಗೆ ಬೂಟು ಹಾಕಿದವಳಲ್ಲ. ನಿರಿಗೆ ಮೇಲಕ್ಕೆ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿದು, ಬೂಟು ಹಾಕಿಕೊಂಡು ನಿಂತಾಗ ನನಗೇ ನಗು ಬಂತು. ಡಾಕ್ಟರು ನಗಲಿಲ್ಲ. ಕ್ಯಾಪ್ಟನ್ ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ. "ಯಾ ವಹಿನಿ" ಎಂದು ಅತ್ತಿಗೆಯನ್ನು ಕರೆಯುವ ಹಾಗೆ ಒಳಗೆ ಕರೆದು, ಕೈಗೆ ಒಂದು ಕಂದು ಬಣ್ಣದ ಚೆಂಡು ಕೊಟ್ಟರು.

ಕೈತುಂಬ ಹಿಡಿಯಬೇಕಾದ ಚೆಂಡು, ಕಲ್ಲಿನಷ್ಟು ಭಾರ. ದೂರದಲ್ಲಿ ಒಂದು ಚಿಕ್ಕ ಬಿಳಿ ಚೆಂಡು ಇಟ್ಟಿದ್ದರು. ಇಲ್ಲಿ ಚಾಪೆಯ ಮೇಲೆ ನಿಂತು ಈ ದೊಡ್ಡ ಚೆಂಡನ್ನು ಉರುಳಿಸಬೇಕು, ಬಿಳಿ ಚೆಂಡಿಗೆ ಎಷ್ಟು ಹತ್ತಿರ ನಿಲ್ಲುತ್ತದೋ ಅಷ್ಟು ಒಳ್ಳೆಯದು. ಇಷ್ಟೇ ಆಟ. ಇದೇನು ಮಹಾ ಅನ್ನಿಸಿತು. ಅಣ್ಣತಮ್ಮಂದಿರ ಜೊತೆ ಗೋಲಿ ಆಡಿ ಅವರ ಗೋಲಿಯನ್ನೆಲ್ಲ ಗೆದ್ದವಳು ನಾನು. ಗೋಲಿಯಲ್ಲಿ ಗುರಿ ನೋಡಿ ನೇರ ಹೊಡೆಯುವುದು. ಹಾಗೇ ಬಿಳಿ ಚೆಂಡನ್ನು ದಿಟ್ಟಿಸಿ ಬೀಸಿ ಒಗೆದೆ.

ಚೆಂಡು ನೆಟ್ಟಗೆ ಹೊರಟಿತು. ಅರ್ಧ ದಾರಿಯಲ್ಲಿ ಅದಕ್ಕೆ ಬೇರೇನೋ ನೆನಪಾದ ಹಾಗೆ ಬಲಕ್ಕೆ ವಾಲಿತು. ವಾಲುತ್ತ ವಾಲುತ್ತ ಪಕ್ಕದ ಅಂಕಣಕ್ಕೆ ನುಗ್ಗಿ, ಅಲ್ಲಿ ಬಗ್ಗಿ ತಮ್ಮ ಚೆಂಡು ಒರೆಸುತ್ತಿದ್ದ ದಪ್ಪ ಮೀಸೆಯ ಮುದುಕರೊಬ್ಬರ ಹಿಮ್ಮಡಿಗೆ ಬಡಿಯಿತು. ಅವರು ನಿವೃತ್ತ ಕರ್ನಲ್. ನೆಟ್ಟಗೆ ನಿಂತು, ಚೆಂಡನ್ನೂ ನನ್ನನ್ನೂ ನೋಡಿ, ಹಿಂದಿಯಲ್ಲಿ, "ಯುದ್ಧದಲ್ಲಿ ಕೂಡ ಹಿಂದಿನಿಂದ ನನಗೆ ಯಾರೂ ಹೊಡೆದಿರಲಿಲ್ಲ ಬೇಟೀ" ಎಂದರು. ನಾನು ಎಲ್ಲಿ ಬಾವಿ ಇದೆ, ಬೀಳೋಣ ಎಂದು ನೋಡುತ್ತಿದ್ದೆ.

ಆಮೇಲೆ ಡಾಕ್ಟರು ಗುಟ್ಟು ಹೇಳಿಕೊಟ್ಟರು. ಈ ಚೆಂಡು ನೆಟ್ಟಗೆ ಹೋಗುವ ಜಾತಿಯದೇ ಅಲ್ಲ, ಒಂದು ಮಗ್ಗುಲಿಗೆ ತಿರುಗುವಂತೆಯೇ ಮಾಡಿದ್ದು. ಅದರ ಒಂದು ಬದಿಯಲ್ಲಿ ದೊಡ್ಡ ವೃತ್ತ, ಇನ್ನೊಂದು ಬದಿಯಲ್ಲಿ ಸಣ್ಣ ವೃತ್ತ ಕೆತ್ತಿರುತ್ತದೆ. ಸಣ್ಣ ವೃತ್ತ ಯಾವ ಕಡೆಗಿದೆಯೋ ಚೆಂಡು ಆ ಕಡೆ ವಾಲುತ್ತದೆ. ಹಾಗಾಗಿ ಗುರಿಯನ್ನು ನೋಡಿ ಹೊಡೆಯಬಾರದು. ಗುರಿಯನ್ನು ಬಿಟ್ಟು ಪಕ್ಕಕ್ಕೆ, ಖಾಲಿ ಹುಲ್ಲಿನ ಕಡೆ ಬಿಡಬೇಕು. ವೇಗ ಇಳಿಯುತ್ತ ಬಂದಂತೆ ಅದು ತಾನೇ ತಿರುಗಿ ಗುರಿಯ ಕಡೆ ಬರುತ್ತದೆ. "ನಂಬಿಕೆ ಇಡಿ ವಹಿನಿ, ಬಿಟ್ಟ ಮೇಲೆ ಅದು ಬರುತ್ತದೆ" ಅಂದರು. ನನಗೆ ನಂಬಿಕೆ ಬರಲಿಲ್ಲ. ಬೇಕಾದದ್ದು ಕಣ್ಣೆದುರು ಇರುವಾಗ ಪಕ್ಕಕ್ಕೆ ಒಗೆಯುವುದು ಯಾವ ನ್ಯಾಯ? ಅವತ್ತಿಡೀ ನನ್ನ ಚೆಂಡುಗಳು ಹುಲ್ಲಿನಂಚಿನ ಕಾಲುವೆಗೇ ಬಿದ್ದವು.

ಆ ಕಾಲುವೆಯ ಕಾನೂನೂ ಅವತ್ತೇ ಕಲಿತೆ. ಅಂಕಣದ ಸುತ್ತ ಮೊಳದಗಲದ ತಗ್ಗು. ಅದಕ್ಕೆ ಬಿದ್ದ ಚೆಂಡು ಸತ್ತಂತೆ, ಲೆಕ್ಕಕ್ಕಿಲ್ಲ. ಆದರೆ ಬೀಳುವ ಮೊದಲು ಬಿಳಿ ಚೆಂಡನ್ನು ಮುಟ್ಟಿದ್ದರೆ ಮಾತ್ರ ಅದಕ್ಕೆ ಜೀವ ಉಂಟು. ಹಾಗೆ ಮುಟ್ಟಿದ ಚೆಂಡಿಗೆ ಗುರುತಿಗಾಗಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಾರೆ. ಬಿಳಿ ಗೆರೆಯಿದ್ದರೆ ಬದುಕಿದೆ, ಇಲ್ಲದಿದ್ದರೆ ಸತ್ತಿದೆ.

ಸಂಜೆ ಬೂಟಿನಲ್ಲೇ ಮನೆಗೆ ಬಂದದ್ದನ್ನು ಅತ್ತೆ ಬಾಗಿಲಲ್ಲೇ ನೋಡಿದರು. "ಯವ್ವಾ, ಸೀರಿ ಮ್ಯಾಲ ಬೂಟ? ಪೋಲೀಸ್ ನೌಕರಿ ಸಿಕ್ಕತೇನ?" ಅಂದರು. ಮಂಚದ ಕಡೆಯಿಂದ ಒಂದು ನಗು ಬರಬಹುದೆಂದು ಕಿವಿ ನಿಮಿರಿಸಿದೆ. ಬರಲಿಲ್ಲ.

ಮುಂದಿನ ವಾರ ಡಾಕ್ಟರನ್ನು ಕೇಳಿ ನಾಲ್ಕು ಚೆಂಡನ್ನು ಒಂದು ಚೀಲದಲ್ಲಿ ಮನೆಗೆ ತಂದೆ. ಚಾಳಿನ ಉದ್ದ ಓಣಿಯಂಥ ವರಾಂಡಾದಲ್ಲಿ, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ, ಆ ತುದಿಗೆ ಒಂದು ನಿಂಬೆಹಣ್ಣು ಇಟ್ಟು ಉರುಳಿಸುತ್ತಿದ್ದೆ. ಕಲ್ಲುಹಾಸಿನ ಮೇಲೆ ಗಡಗಡ ಸದ್ದು. ಚೆಂಡು ಒಮ್ಮೆ ಪಕ್ಕದ ಮನೆಯ ನೀರಿನ ಪೀಪಾಯಿಗೆ, ಒಮ್ಮೆ ಎದುರಿನವರ ತುಳಸಿ ಕುಂಡಕ್ಕೆ. ಬಾಗಿಲು ತೆರೆದೇ ಇರುತ್ತಿತ್ತು, ಮಂಚದ ಮೇಲಿಂದ ಇವರಿಗೆ ಎಲ್ಲ ಕಾಣುತ್ತಿತ್ತು. ಹಾಗೆ ಕಾಣಲಿ ಎಂದೇ ನಾನು ಅಲ್ಲಿ ಆಡುತ್ತಿದ್ದದ್ದು.

ಅವರಿಗೆ ಸುಮ್ಮನೆ ಇರಲಾಗದ್ದು ಒಂದೇ. ಯಾವುದೇ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾಗದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಟೂಲ್ ರೂಮಿನ ಚಟ ಅದು. ಒಂದು ಮಧ್ಯಾಹ್ನ ಒಳಗಿನಿಂದ ದನಿ ಬಂತು.

"ಒಂದ ಕಡೆ ಸೀಸ ತುಂಬ್ಯಾರ ಅದಕ್ಕ."

ನಾನು ತಿರುಗಿ ನೋಡದೆ, "ಇಲ್ಲಂತ್ರಿ. ಡಾಕ್ಟರ್ ಹೇಳ್ಯಾರ, ಒಳಗ ಏನೂ ಇಲ್ಲಂತ" ಅಂದೆ.

"ಸುಳ್ಳು. ಏನೂ ತುಂಬದ ಹೆಂಗ ಸೊಟ್ಟ ಹೋಗ್ತದ?"

"ನನಗೇನ ಗೊತ್ತು? ನಾ ಏನ ಟೂಲ್ ರೂಮಿನಾಕಿ ಏನು?"

ಇನ್ನೊಂದು ಚೆಂಡು ಉರುಳಿಸಿದೆ. ಅದು ಹೊಸ್ತಿಲ ಹತ್ತಿರ ಹೋಗಿ ನಿಂತಿತು. ಬೇಕೆಂದೇ ತರಲು ಹೋಗಲಿಲ್ಲ. ಆಮೇಲೆ ಮಂಚ ಕಿರುಗುಟ್ಟಿತು. ಇವರು ಗೋಡೆ ಹಿಡಿದು ಬಂದು, ಕಷ್ಟಪಟ್ಟು ಬಗ್ಗಿ ಚೆಂಡು ಎತ್ತಿಕೊಂಡರು. ಟ್ರಂಕು ತೆಗೆದು ತಮ್ಮ ಕ್ಯಾಲಿಪರ್ ಹುಡುಕಿದರು. ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಈ ಕಡೆ ಅಳೆದರು, ಆ ಕಡೆ ಅಳೆದರು, ತಿರುಗಿಸಿ ಮತ್ತೆ ಅಳೆದರು. ಸಂಜೆ ದೀಪ ಹಚ್ಚುವವರೆಗೂ ಅದೇ. "ಒಂದು ಮಗ್ಗಲ ಹೊಟ್ಟಿ ಜಾಸ್ತಿ ಅದ. ಎಷ್ಟಂದ್ರ ಕಣ್ಣಿಗೆ ಕಾಣಂಗಿಲ್ಲ. ಭಾಳ ಶಾಣ್ಯಾ ಅದಾನ ಇದನ್ನ ಮಾಡಿದಾಂವ," ಎಂದರು, ತಮ್ಮಷ್ಟಕ್ಕೇ. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಅತ್ತೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ಉಸಿರು ಬಿಡದೆ ನಿಂತಿದ್ದೆವು. ರೊಟ್ಟಿ ಸೀದುಹೋಯಿತು. ಸೀದ ರೊಟ್ಟಿಯನ್ನು ಮಾತ್ರ ಅವತ್ತೂ ಸುಮ್ಮನೆ ತಿಂದರು.

ಮುಂದಿನ ಭಾನುವಾರ "ಬರೇ ನೋಡ್ಲಿಕ್ಕೆ ಬರ್ತೀನಿ" ಎಂದು ಹೊರಟರು. ಬೆಂಚಿನ ಮೇಲೆ ಕೂತು ನೋಡಿದರು. ನೋಡುವುದು ಅವರಿಗೆ ಬರುವ ಕೆಲಸವಲ್ಲ. ನಾನು ಚೆಂಡನ್ನು ತಿರುಗುಮುರುಗಾಗಿ ಹಿಡಿದು ಮತ್ತೊಮ್ಮೆ ಪಕ್ಕದ ಅಂಕಣಕ್ಕೆ ಕಳಿಸಿದಾಗ ತಡೆಯಲಾರದೆ ಎದ್ದು ಬಂದರು. ಡಾಕ್ಟರು ಒಂದು ಚೆಂಡು ಅವರ ಕೈಗಿಟ್ಟರು. ಎಲ್ಲರೂ ಎಡಗಾಲು ಮುಂದಿಟ್ಟು, ಮೊಣಕಾಲು ಮಡಿಸಿ, ಕೈಯನ್ನು ನೆಲದ ಹತ್ತಿರ ತಂದು ಚೆಂಡನ್ನು ಹುಲ್ಲಿನ ಮೇಲೆ ಇಟ್ಟಂತೆ ಬಿಡುತ್ತಾರೆ. ಇವರೂ ಹಾಗೇ ಎಡಗಾಲು ಮುಂದಿಟ್ಟರು. ಕಾಲು ತಡೆಯಲಿಲ್ಲ. ಮುಖ ಅಡಿಯಾಗಿ ಹುಲ್ಲಿನ ಮೇಲೆ ಬಿದ್ದರು.

ಓಡಲು ಹೊರಟವಳನ್ನು ಡಾಕ್ಟರು ಕಣ್ಣಲ್ಲೇ ತಡೆದರು. ಯಾರೂ ಅಯ್ಯೋ ಅನ್ನಲಿಲ್ಲ, ಯಾರೂ ಎತ್ತಲು ಹೋಗಲಿಲ್ಲ. ಅಲ್ಲಿದ್ದವರೆಲ್ಲ ಸೊಂಟ ಹಿಡಿದವರು, ಮಂಡಿ ಸವೆದವರು, ದಿನಕ್ಕೊಬ್ಬರಾದರೂ ಅಲ್ಲಿ ಬೀಳುವವರೇ. ಕರ್ನಲ್ ಸಾಹೇಬರು ತಮ್ಮ ಮೀಸೆ ತಿರುವುತ್ತ, "ಕ್ಯಾಪ್ಟನ್, ಹುಲ್ಲು ಮಲಗೋದಕ್ಕಲ್ಲ. ಮುಂದಿನ ಚೆಂಡು," ಎಂದರು ಹಿಂದಿಯಲ್ಲಿ. ಇವರು ತಲೆಯೆತ್ತಿ ನೋಡಿದರು. ಕೈಯೂರಿ ತಾವೇ ಎದ್ದರು. ಡಾಕ್ಟರು ಆಗ ಬೇರೆ ವಿಧಾನ ತೋರಿಸಿದರು. ಕಾಲು ಮೊದಲೇ ಊರಿ ನಿಲ್ಲುವುದು, ಹೆಜ್ಜೆಯೇ ಬೇಡ, ಸೊಂಟದಿಂದ ಬಗ್ಗಿ ತೋಳನ್ನು ಮಾತ್ರ ಬೀಸುವುದು. ಬೂದಿ ಬಣ್ಣದ ಮೋಡದ ಕೆಳಗೆ, ತುಂತುರು ಮಳೆಯಲ್ಲಿ, ಇವರು ಎರಡನೆಯ ಚೆಂಡು ಬಿಟ್ಟರು. ಅದು ಅಗಲಕ್ಕೆ ಹೋಗಿ, ತಿರುಗಿ, ಬಿಳಿ ಚೆಂಡಿನ ಮಗ್ಗುಲಿಗೆ ಬಂದು ಕೂತಿತು. ಶುದ್ಧ ಅದೃಷ್ಟ. ಆದರೂ ಇವರು ಆ ಚೆಂಡನ್ನು ತುಂಬ ಹೊತ್ತು ನೋಡುತ್ತ ನಿಂತಿದ್ದರು.

ಅಲ್ಲಿಂದ ಗಣಪತಿ ಹಬ್ಬ ಕಳೆದು ನವರಾತ್ರಿ ಬರುವವರೆಗೆ ಮಳೆ ಬಿಟ್ಟಾಗಲೆಲ್ಲ ಹೋಗುತ್ತಿದ್ದೆವು. ಕಾರ್ಖಾನೆಗೂ ಹೋಗತೊಡಗಿದರು. ನನಗೂ ಕೈ ಕುದುರಿತು. ಚೆಂಡು ಎತ್ತಿ ಹಾಕಬಾರದು, ಧಪ್ಪೆಂದು ಬಿದ್ದರೆ ಹುಲ್ಲಿಗೂ ಪೆಟ್ಟು, ಆಟಕ್ಕೂ ಪೆಟ್ಟು. ಹುಲ್ಲು ಒದ್ದೆಯಿದ್ದರೆ ಜೋರು ಬೇಕು, ಬಿಸಿಲಿಗೆ ಒಣಗಿದ್ದರೆ ಮೆತ್ತಗೆ ಬಿಡಬೇಕು. ದಿಕ್ಕು ತಪ್ಪಿದರೂ ಪರವಾಗಿಲ್ಲ, ಜೋರು ತಪ್ಪಬಾರದು. ಇದೆಲ್ಲ ತಿಳಿಯಿತು. ಪಕ್ಕಕ್ಕೆ ಬಿಟ್ಟ ಚೆಂಡು ತಿರುಗಿ ಬರುತ್ತದೆ ಎಂದು ನಂಬಿಕೆಯೂ ಬಂತು. ಆದರೆ ಇವರ ವಿಷಯದಲ್ಲಿ ಇನ್ನೂ ಬಂದಿರಲಿಲ್ಲ. ಆಡುತ್ತಿದ್ದರು, ನಿಜ. ಗೆದ್ದರೂ ಒಂದೇ ಮುಖ, ಸೋತರೂ ಒಂದೇ ಮುಖ. ಡಾಕ್ಟರು ಹೇಳಿದ ವ್ಯಾಯಾಮ ಮಾಡಿ ಮುಗಿಸುವವರ ಹಾಗೆ ಆಡಿ ಮನೆಗೆ ಬಂದು ಕಿಟಕಿಯ ಹತ್ತಿರ ಕೂತುಬಿಡುತ್ತಿದ್ದರು. ಕಬಡ್ಡಿಯಲ್ಲಿ ಸೋತ ದಿನ ಊಟ ಬಿಟ್ಟು ನನ್ನ ಮೇಲೆ ಹರಿಹಾಯುತ್ತಿದ್ದ ಮನುಷ್ಯ ನನಗೆ ವಾಪಸು ಬೇಕಾಗಿತ್ತು.

ಆಯುಧಪೂಜೆಯ ಖಂಡೇನವಮಿ ಆ ವರ್ಷ ಭಾನುವಾರ ಬಂತು. ಸಂಜೆ ಕ್ಲಬ್ಬಿನಲ್ಲಿ ಜೋಡಿಗಳ ಪಂದ್ಯ, ಡಾಕ್ಟರು ಮತ್ತು ಕರ್ನಲ್ ಒಂದು ಕಡೆ, ನಾವಿಬ್ಬರು ಇನ್ನೊಂದು ಕಡೆ. ಗೆದ್ದವರಿಗೆ ಒಂದು ಪೇಢೆ ಡಬ್ಬಿ. ಮುಂಜಾನೆ ಅತ್ತೆ ಸ್ಕೂಟರು, ಕ್ಯಾಲಿಪರು, ಬೀಸುಕಲ್ಲು, ಇಳಿಗೆಮಣೆ ಎಲ್ಲದಕ್ಕೂ ವಿಭೂತಿ ಹಚ್ಚಿ ಪೂಜೆ ಮಾಡಿದರು. ಸಾಲಿನಲ್ಲಿ ಚೆಂಡುಗಳೂ ಕೂತಿದ್ದವು. ಇವರು ಆಮೇಲೆ ಅವನ್ನು ಒದ್ದೆ ಬಟ್ಟೆಯಿಂದ ಚೊಕ್ಕ ಒರೆಸಿದ್ದನ್ನು ನೋಡಿ ಅತ್ತೆಗೆ ಸಿಟ್ಟು ಬಂತು. "ಹಚ್ಚಿದ್ದ ಒರಸ್ತಾರೇನ? ಹಂಗಿದ್ರ ನಾನೂ ಬರ್ತೀನಿ ನಡಿ," ಎಂದು ತಮ್ಮ ಚಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಎಲೆಅಡಿಕೆ ಮತ್ತು ವಿಭೂತಿ ಗಟ್ಟಿ ಆ ಬಟ್ಟೆಯ ಚೀಲದಲ್ಲೇ ಇರುತ್ತಿದ್ದವು.

ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟಂತೆ ಇತ್ತು. ಆಟ ಮೊದಲಿನಿಂದಲೂ ಬಿಗಿ. ನಾನು ಎಂದೂ ಆಡದಷ್ಟು ಚೆನ್ನಾಗಿ ಆಡಿದೆ. ಕೊನೆಯ ಸರದಿಗೆ ಬಂದಾಗ ಎರಡೂ ಕಡೆ ಸಮ. ಸಮವಾದರೆ ಮೊದಲು ಚಹಾ ಕುಡಿಯಬೇಕು ಎನ್ನುವುದು ಕರ್ನಲ್ ಸಾಹೇಬರ ನಿಯಮ. ಚೆಂಡುಗಳನ್ನು ಅತ್ತೆ ಕೂತಿದ್ದ ಬೆಂಚಿನ ಹತ್ತಿರ ಬಿಟ್ಟು ಎಲ್ಲರೂ ಚಹಾಕ್ಕೆ ಹೋದೆವು. ಇವರು ಚಹಾ ಅರ್ಧಕ್ಕೇ ಇಟ್ಟರು. ಮುಂದಿನ ಚೆಂಡು ಹೇಗೆ ಬಿಡಬೇಕೆಂದು ಖಾಲಿ ಕೈ ಬೀಸಿ ಬೀಸಿ ನೋಡಿಕೊಂಡರು. ಅದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ದೇವರೇ, ಇದೊಂದು ಗೆಲ್ಲಲಿ, ಈ ಮನುಷ್ಯ ಗೆದ್ದು ಮನೆಗೆ ಬರಲಿ ಎಂದು ಬೇಡಿಕೊಂಡೆ.

ಮೊದಲು ನಾನು ಮತ್ತು ಕರ್ನಲ್ ನಮ್ಮ ಚೆಂಡುಗಳನ್ನು ಉರುಳಿಸಿ, ಬಿಳಿ ಚೆಂಡಿನ ಹತ್ತಿರ ಹೋಗಿ ನಿಂತೆವು. ಮುಟ್ಟಿದ ಚೆಂಡಿಗೆ ಗುರುತು ಹಾಕುವುದು ನಮ್ಮ ಕೆಲಸ, ಇಬ್ಬರ ಕೈಯಲ್ಲೂ ಸೀಮೆಸುಣ್ಣ. ಆ ತುದಿಯಿಂದ ಡಾಕ್ಟರು ಮತ್ತು ಇವರು ಒಂದಾದ ಮೇಲೊಂದು ಬಿಟ್ಟರು. ಡಾಕ್ಟರ ಕೊನೆಯ ಚೆಂಡು ಬಿಳಿ ಚೆಂಡನ್ನು ತಳ್ಳಿಕೊಂಡು ಬಂದು ಕಾಲುವೆಯ ಅಂಚಿಗೆ ತಂದು ನಿಲ್ಲಿಸಿತು. ಅವರ ಚೆಂಡು ಅದರಿಂದ ಒಂದು ಮೊಳ ದೂರ. ನಮ್ಮವು ಇನ್ನೂ ದೂರ. ಇನ್ನು ಇವರ ಕೈಯಲ್ಲಿ ಒಂದೇ ಚೆಂಡು.

ಇವರು ಚೆಂಡಿನ ಕಡೆ ಕಣ್ಣು ಹಾಯಿಸದೆ, ಸಣ್ಣ ವೃತ್ತವನ್ನು ಬೆರಳಲ್ಲೇ ತಡವಿ, ಕಾಲೂರಿ ನಿಂತರು, ಬಗ್ಗಿದರು, ಬಿಟ್ಟರು. ಅವರ ಬೆನ್ನ ಹಿಂದೆ ಸೂರ್ಯ ಮುಳುಗುತ್ತಿದ್ದ, ಬಿಸಿಲು ನೇರ ನಮ್ಮ ಕಣ್ಣಿಗೆ. ಚೆಂಡು ಅಗಲಕ್ಕೆ ಬಂತು. ತಿರುಗತೊಡಗಿತು. ಅದು ಹತ್ತಿರ ಬಂದಂತೆ ನನಗೆ ತಡೆಯಲಾಗಲಿಲ್ಲ. ಗಟ್ಟಿಯಾಗಿ ಕಣ್ಣು ಮುಚ್ಚಿಬಿಟ್ಟೆ.

ಥಪ್ ಎಂದು ಸದ್ದಾಯಿತು. ಕಣ್ಣು ತೆರೆದರೆ ಬಿಳಿ ಚೆಂಡು ಅಂಚಿನಲ್ಲೇ ಇದೆ, ಅದರ ಹಿಂದೆಯೇ ಗೇಣು ದೂರದಲ್ಲಿ ಇವರ ಚೆಂಡು ಕಾಲುವೆಯಲ್ಲಿದೆ. ಬಗ್ಗಿ ನೋಡಿದೆ. ಚೆಂಡಿನ ಮಗ್ಗುಲಲ್ಲಿ ಬಿಳಿ ಗೆರೆ. ನಾನು ಕಣ್ಣು ಮುಚ್ಚಿದ್ದಾಗ ಕರ್ನಲ್ ಸಾಹೇಬರು ಗುರುತು ಹಾಕಿದ್ದಾರೆ ಎಂದುಕೊಂಡೆ. ಕರ್ನಲ್ ಸಾಹೇಬರು ಬಿ‌ಸಿಲಿಗೆ ನೀರಾಡಿದ ಕಣ್ಣನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದವರು ಈಚೆ ತಿರುಗಿದರು. ಸೀಮೆಸುಣ್ಣ ಹಿಡಿದು ಬಗ್ಗಿದ ನನ್ನನ್ನು ನೋಡಿದರು, ಬಿಳಿ ಗೆರೆ ನೋಡಿದರು. "ಮುಟ್ಟಿತಾ? ಶಾಬಾಸ್! ನಾವು ಸೋತೆವು," ಎಂದು ನನ್ನ ಕೈ ಕುಲುಕಿದರು. ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ಡಾಕ್ಟರು ಇವರ ಭುಜ ತಟ್ಟುತ್ತ ಕರೆದುಕೊಂಡು ಬಂದರು. ಕುಂಟುತ್ತ ಬರುತ್ತಿದ್ದ ಇವರ ಮುಖ ನೋಡಿದೆ. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಬೆಳಕಿತ್ತು.

ಇವರು ಕಾಲುವೆಗೆ ಬಗ್ಗಿ ಚೆಂಡು ಎತ್ತಿದರು. ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಗೆರೆ ಒಂದಲ್ಲ, ಒಂದರ ಕೆಳಗೊಂದು ಮೂರು. ಬೆರಳು ಮೂಸಿದರು. ಆಮೇಲೆ ಬೆಂಚಿನ ಕಡೆ ನೋಡಿದರು. ನನಗೂ ಆಗ ಹೊಳೆಯಿತು. ಸುಮ್ಮನಿರ್ರಿ, ನಿಮ್ಮ ಕಾಲಿಗೆ ಬೀಳ್ತೀನಿ ಸುಮ್ಮನಿರ್ರಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಕಬಡ್ಡಿಯಲ್ಲಿ ಎದುರಾಳಿ ಮುಟ್ಟಿದರೆ ಅಂಪೈರು ನೋಡಲಿ ಬಿಡಲಿ, ಮುಟ್ಟಿಸಿಕೊಂಡವನು ತಾನೇ ಕೈಯೆತ್ತಿ ಹೊರಗೆ ನಡೆಯಬೇಕು, ತಂಡದ ಹುಡುಗರಿಗೆ ಇವರು ಕಲಿಸಿದ ಮೊದಲ ಪಾಠ ಅದು. ಇವರು ನೆಟ್ಟಗೆ ನಿಂತು ಬಲಗೈ ಮೇಲೆತ್ತಿದರು.

"ಇದು ಸೀಮೆಸುಣ್ಣ ಅಲ್ಲ ಸಾಹೇಬ, ವಿಭೂತಿ," ಎಂದರು ಹಿಂದಿಯಲ್ಲಿ.

ಎಲ್ಲರೂ ಬೆಂಚಿನ ಕಡೆ ತಿರುಗಿದರು. ಅತ್ತೆಗೆ ಮಾತು ತಿಳಿಯದಿದ್ದರೂ ವಿಭೂತಿ ಎನ್ನುವುದು ತಿಳಿಯಿತು. "ಹೌದು, ನಾನಽ ಹಚ್ಚೇನಿ. ನೀವೆಲ್ಲ ಚಹಾ ಕುಡೀಲಿಕ್ಕೆ ಹೋದಾಗ ಇವನ ಒಂದು ಚೆಂಡಿಗೆ ಹಚ್ಚಿದೆ. ಯಾಕ, ಛಲೋ ಆತಲ್ಲ?" ಎಂದರು ಜಂಬದಿಂದ. ನಾನು ತಡೆತಡೆದು ಹಿಂದಿಯಲ್ಲಿ ಹೇಳಿದ ಮೇಲೆ ಕರ್ನಲ್ ಸಾಹೇಬರು ನಕ್ಕ ನಗುವಿಗೆ ಮರದ ಮೇಲಿನ ಕಾಗೆಗಳು ಹಾರಿದವು. "ಕೋಯಿ ಬಾತ್ ನಹೀ. ಮಾತಾಜಿ ಗುರುತು ಹಾಕಿದ ಮೇಲೆ ಮುಗಿಯಿತು. ಪಂದ್ಯ ನಿಮ್ಮದೇ," ಎಂದರು.

"ಇಲ್ಲ ಸಾಹೇಬ. ಮುಟ್ಟಿದ್ದನ್ನು ಯಾರಾದರೂ ನೋಡಿದ್ದೀರಾ?" ಎಂದು ಕೇಳಿದರು ಇವರು. ಯಾರೂ ನೋಡಿರಲಿಲ್ಲ. ಬಿಳಿ ಚೆಂಡು ಕದಲಿಯೂ ಇರಲಿಲ್ಲ. "ಹಾಗಾದರೆ ಮುಟ್ಟಿಲ್ಲ. ಚೆಂಡು ಸತ್ತಿದೆ." ತಮ್ಮ ಅಂಗಿಯ ತುದಿಯಿಂದ ವಿಭೂತಿ ಒರೆಸಿ, ಡಾಕ್ಟರ ಕೈ ಕುಲುಕಿ, ಚೆಂಡುಗಳನ್ನು ಚೀಲಕ್ಕೆ ಹಾಕಿದರು. ಮುಖದ ಬೆಳಕು ಹೋಗಿತ್ತು. ಪೇಢೆ ಡಬ್ಬಿ ಡಾಕ್ಟರಿಗೆ ಹೋಯಿತು.

ಬಸ್ಸಿನಲ್ಲಿ ಇವರು ಕಿಟಕಿಯ ಹತ್ತಿರ ಕೂತು ಹೊರಗೆ ನೋಡತೊಡಗಿದರು. ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅತ್ತೆ. ಅದೇ ಕಿಟಕಿ, ಅದೇ ಮುಖ. ಮುಗಿಯಿತು, ಎಲ್ಲ ಮೊದಲಿನಂತೆಯೇ ಆಯಿತು ಎಂದುಕೊಂಡೆ. ಸ್ಟೇಷನ್ ದಾಟಿತು, ಸಂಗಮದ ಸೇತುವೆ ದಾಟಿತು. ಇದ್ದಕ್ಕಿದ್ದಂತೆ ಇವರು ಈ ಕಡೆ ತಿರುಗಿದರು.

"ಚೆಂಡು ಬಂದಾಗ ನೀ ಎಲ್ಲಿ ನೋಡಾಕತ್ತಿದ್ದಿ?"

"ನಾನಾ?" ಅಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕಣ್ಣ ಮುಚ್ಚಿದ್ದೆ."

"ಕಣ್ಣ ಮುಚ್ಚಿದ್ದಿ?" ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರು. "ಕಡೀ ಚೆಂಡು ಬರ್ಲಿಕತ್ತದ, ಜೋಡಿದಾಕಿ ಕಣ್ಣ ಮುಚ್ಚಿ ನಿಂತಾಳ! ಯಾವ ಆಟದಾಗ ಅದ ಇದು? ನೀ ಕಣ್ಣ ತೆರದಿದ್ರ ಮುಟ್ಟಿತೋ ಇಲ್ಲೋ ಗೊತ್ತಾಗ್ತಿತ್ತು. ಅಲ್ಲೇನ ನಿದ್ದಿ ಮಾಡಾಕ ಹೋಗಿದ್ದೇನು?"

"ನೀವು ಜೋರಾಗಿ ಬಿಟ್ಟದ್ದಕ್ಕಽ ಅದು ಕಾಲುವಿಗೆ ಬಿತ್ತು," ಅಂದೆ. "ಒಂದೀಟು ಮೆತ್ತಗ ಬಿಟ್ಟಿದ್ರ ನನ್ನ ಕಣ್ಣಿನ ಗೊಡವಿ ಯಾಕ ಬೇಕಾಗಿತ್ತು?"

"ನನಗ ಕಲಸ್ತೀ? ನಿಮ್ಮ ಮನ್ಯಾಗ ಎಲ್ಲಾರೂ ಹಿಂಗಽ. ನಿಮ್ಮಣ್ಣ ಸೈಕಲ್ ಹೊಡೆಯೋವಾಗನೂ ಕಣ್ಣ ಮುಚ್ತಾನ."

"ನಮ್ಮಣ್ಣನ ಸುದ್ದಿ ತಗೀಬ್ಯಾಡ್ರಿ. ನಿಮ್ಮ ಕಾಕಾ ಕಣ್ಣ ತೆರಕೊಂಡಽ ಬಾವಿಗೆ ಬಿದ್ದಿದ್ರಲ್ಲ, ಅದನ್ನ ಹೇಳಲಿ ಏನು?"

ಹಿಂದಿನ ಸೀಟಿನಲ್ಲಿ ಅತ್ತೆ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿಕೊಳ್ಳತೊಡಗಿದರು. ಕಂಡಕ್ಟರ್ ಟಿಕೇಟು ಕೊಡುವುದನ್ನು ಬಿಟ್ಟು ನಿಂತು ಕೇಳುತ್ತಿದ್ದ, ಭಾಷೆ ತಿಳಿಯದಿದ್ದರೂ. ಖಡಕಿಯ ಸ್ಟಾಪು ಬಂದು ಹಿಂದೆ ಹೋದದ್ದು ನಮಗೆ ಗೊತ್ತೇ ಆಗಲಿಲ್ಲ. ಇವರು ಮುಂದಿನ ಭಾನುವಾರ ಹೇಗೆ ಆಡಬೇಕು, ಡಾಕ್ಟರನ್ನು ಎಲ್ಲಿ ಹಿಡಿಯಬೇಕು, ನಾನು ಎಲ್ಲಿ ನಿಲ್ಲಬೇಕು, ಕಣ್ಣು ಎಷ್ಟು ಅಗಲ ತೆರೆದಿರಬೇಕು ಎಂದು ಕೈ ಬೀಸಿ ಬೀಸಿ ಬೈಯುತ್ತಲೇ ಇದ್ದರು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಕಣ್ಣಿಂದ ನೀರು ಇಳಿಯತೊಡಗಿತು, ಒರೆಸಿದಷ್ಟೂ ಬಂತು.

ಇವರು ಬೈಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಯಾಕ, ಸೋತದ್ದಕ್ಕ ಅಳ್ತೀ ಏನು?" ಎಂದರು.

"ಹೌದ್ರಿ," ಅಂದೆ.